ಬೋಟು ಎಳೆಯುತ್ತಿಲ್ಲವೇ, ಎಂಜಿನ್ ಬಿಸಿಯಾಗುತ್ತಿದೆಯೇ? ಅಡಿಗೆ ಹಿಡಿದ ಚಿಪ್ಪು, ಪಾಚಿಗಳ ದೋಷ ಪತ್ತೆ ಮತ್ತು ನಿವಾರಣೆ

ಮಂಗಳೂರಿನಿಂದ ಕಾರವಾರದವರೆಗಿನ ದಕ್ಕೆಗಳಲ್ಲಿ ಪ್ರತಿವರ್ಷ ಕೇಳಿಬರುವ ಮೂರು ದೂರುಗಳಿವೆ. ಬೋಟು ಮೊದಲಿನಂತೆ ಓಡುತ್ತಿಲ್ಲ, ಡೀಸೆಲ್ ಹೆಚ್ಚು ತಿನ್ನುತ್ತಿದೆ, ಎಂಜಿನ್ ಬೇಗ ಬಿಸಿಯಾಗುತ್ತಿದೆ. ಈ ಮೂರಕ್ಕೂ ಎಂಜಿನ್ನಿನೊಳಗೇ ಕಾರಣ ಇರಬಹುದು. ಆದರೆ ಬೋಟಿನ ಅಡಿಗೆ, ಅದನ್ನು ಮುಂದೆ ತಳ್ಳುವ ಫ್ಯಾನಿಗೆ (ಪ್ರೊಪೆಲ್ಲರ್), ಸಮುದ್ರದ ನೀರೆಳೆಯುವ ಕೊಳವೆಗೆ ಜೀವಿಗಳು ಅಂಟಿಕೊಂಡು ಬೆಳೆದಿರುವುದೂ ಅಷ್ಟೇ ಸಾಮಾನ್ಯವಾದ ಕಾರಣವಾಗಿದ್ದು, ಅದು ನೀರಿನೊಳಗೆ ಕಣ್ಣಿಗೆ ಬೀಳದೆ ಇರುವುದರಿಂದ ಎಲ್ಲವನ್ನೂ ಬಿಚ್ಚಿ ನೋಡಿದ ಮೇಲೆ, ಕೊನೆಗೆ ನೆನಪಾಗುತ್ತದೆ. ಈ ಕೈಪಿಡಿಯ ಉದ್ದೇಶ ಆ ಕ್ರಮವನ್ನು ತಿರುಗಿಸುವುದು. ಸ್ಪ್ಯಾನರ್ ಹಿಡಿಯುವ ಮೊದಲು ಅಳತೆ ಮಾಡಬೇಕು, ಕೆರೆಯುವ ಮೊದಲು ಅಡಿಯನ್ನು ಓದಬೇಕು.

ನಾನು ಇದನ್ನು ಕಲಿತದ್ದು ಒಂದು ತಪ್ಪಿನಿಂದ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಸಮುದ್ರಕ್ಕಿಳಿದ ಟ್ರಾಲ್ ಬೋಟೊಂದು ಪೂರ್ತಿ ವೇಗ ಹಿಡಿಯದೆ ಕಪ್ಪು ಹೊಗೆ ಉಗುಳುತ್ತಿತ್ತು. ಇಂಜೆಕ್ಟರ್ ಬಿಚ್ಚಿದೆವು, ಡೀಸೆಲ್ ಪಂಪನ್ನು ಪರೀಕ್ಷೆಗೆ ಕಳಿಸಿದೆವು, ಟರ್ಬೊ ಕಳಚಿ ತೊಳೆದೆವು. ಐದು ದಿನ ಹೋಯಿತು, ಹೊಗೆ ಹೋಗಲಿಲ್ಲ. ಆರನೆಯ ದಿನ ಬೋಟು ನಡೆಸುವ ತಾಂಡೇಲರ ಒತ್ತಾಯಕ್ಕೆ ಮುಳುಗುವವರೊಬ್ಬರನ್ನು ಇಳಿಸಿದಾಗ ಅವರು ಮೇಲೆ ಬಂದು ಅಂಗೈ ಬಿಡಿಸಿ ತೋರಿಸಿದರು: ಫ್ಯಾನಿನ ಎಲೆಯಿಂದ ಕಿತ್ತ ಬಾರ್ನಕಲ್ ಚಿಪ್ಪುಗಳು, ಶೇಂಗಾ ಬೀಜದಷ್ಟು ದಪ್ಪದವು, ಒಂದರ ಬೆನ್ನ ಮೇಲೊಂದು ಕೂತವು. ಫ್ಯಾನನ್ನು ನೀರಿನಲ್ಲೇ ಕೆರೆದು ಮುಗಿಸಲು ಎರಡು ಗಂಟೆ ಸಾಕಾಯಿತು. ಮಾಲೀಕರ ಐದು ದಿನದ ಮೀನುಗಾರಿಕೆ ಮಾತ್ರ ತಿರುಗಿ ಬರಲಿಲ್ಲ.

ಅಂಟುವ ಕ್ರಮ

ರೋಗ ತಿಳಿಯಲು ಬೇಕಾದಷ್ಟನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಸ್ವಚ್ಛವಾದ ಮೇಲ್ಮೈಯನ್ನು ಸಮುದ್ರಕ್ಕಿಳಿಸಿದ ನಿಮಿಷಗಳಲ್ಲೇ ನೀರಿನಲ್ಲಿ ಕರಗಿರುವ ಸಾವಯವ ಪದಾರ್ಥಗಳ ತೆಳುಪೊರೆ ಅದರ ಮೇಲೆ ಕೂರುತ್ತದೆ. ಗಂಟೆಗಳಲ್ಲಿ ಬ್ಯಾಕ್ಟೀರಿಯಾ, ಕೆಲವು ದಿನಗಳಲ್ಲಿ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳು ಸೇರಿ ಕೈಗೆ ಜಾರುವ ಲೋಳೆಯಾಗುತ್ತದೆ. ಪಾಚಿಯ ಬೀಜಕಗಳು, ಬಾರ್ನಕಲ್ ಮತ್ತು ಪಚ್ಚಿಲೆಯ (ಜೋಡಿಚಿಪ್ಪಿನ ಜೀವಿ) ಮರಿಗಳು, ಸುಣ್ಣದ ಕೊಳವೆ ಕಟ್ಟುವ ಹುಳುಗಳು ಅದರ ಹಿಂದೆ ಬರುತ್ತವೆ. ಬಾರ್ನಕಲ್‌ನ ಮರಿ ನೀರಿನಲ್ಲಿ ತೇಲುತ್ತ ಹಲವು ಬಾರಿ ಪೊರೆ ಕಳಚಿ, ಕೊನೆಯ ಹಂತದಲ್ಲಿ ಆಹಾರವನ್ನೇ ಬಿಟ್ಟು, ಮೀಸೆಯಂಥ ಎರಡು ಅಂಗಗಳಿಂದ ಮೇಲ್ಮೈಯ ಮೇಲೆ ನಡೆದಾಡಿ ಜಾಗ ಹುಡುಕುತ್ತದೆ. ತನ್ನ ಜಾತಿಯ ದೊಡ್ಡವು ಇರುವ ಕಡೆಯನ್ನೇ ಅದು ಇಷ್ಟಪಡುವುದರಿಂದ ಹತ್ತು ಚಿಪ್ಪು ಬಿಟ್ಟರೆ ನೂರು ಬರುತ್ತವೆ. ಒಮ್ಮೆ ಗಾರೆಯಂಥ ಅಂಟು ಸುರಿಸಿ ಕೂತಿತೆಂದರೆ ಅದು ಮತ್ತೆ ಜಾಗ ಬದಲಿಸುವುದಿಲ್ಲ. ಪಚ್ಚಿಲೆಯ ರೀತಿ ಬೇರೆ. ಅದು ನೂಲಿನಂಥ ಎಳೆಗಳಿಂದ ಹಿಡಿದುಕೊಳ್ಳುತ್ತದೆ, ನೀರು ಸದಾ ಹರಿಯುವ ಕೊಳವೆಯ ಬಾಯಿ ಅದಕ್ಕೆ ಬಲು ಪ್ರಿಯ.

ಓಡುವ ಬೋಟಿಗಿಂತ ನಿಂತ ಬೋಟಿಗೆ ಇವು ಬೇಗ ಹಿಡಿಯುತ್ತವೆ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟುಗಳು ನಿಲ್ಲುತ್ತವೆ. ಆಗ ಹೊಳೆಯ ಸಿಹಿನೀರು ಅಳಿವೆಗೆ ನುಗ್ಗುವುದರಿಂದ ಮೇಲ್ಪದರದ ಉಪ್ಪು ಕಡಿಮೆಯಾಗಿ ಹೊಸ ಚಿಪ್ಪು ಕೂರುವುದು ಸ್ವಲ್ಪ ತಗ್ಗುತ್ತದೆ. ಆದರೆ ಸಿಹಿನೀರು ಹಗುರವಾದ್ದರಿಂದ ಮೇಲೆಯೇ ಹರಿಯುತ್ತದೆ, ಕೆಳಗೆ ಉಪ್ಪುನೀರು ಉಳಿಯುತ್ತದೆ, ಆಳಕ್ಕಿಳಿದ ಅಡಿಯೂ ಫ್ಯಾನೂ ಆ ಉಪ್ಪುನೀರಿನಲ್ಲೇ ಇರಬಹುದು. ‘ಮಳೆನೀರಿಗೆ ಎಲ್ಲ ಸತ್ತಿರುತ್ತವೆ’ ಎಂದು ನಂಬಿ ಆಗಸ್ಟ್‌ನಲ್ಲಿ ನೋಡದೆಯೇ ಹೊರಡುವುದು ಸರಿಯಲ್ಲ. ಸತ್ತ ಚಿಪ್ಪೂ ಬಿದ್ದುಹೋಗದೆ ಅಲ್ಲೇ ಇದ್ದು ಅಷ್ಟೇ ಒರಟಾಗಿರುತ್ತದೆ.

ಮೊದಲ ಕೆಲಸ: ಅಳತೆ

ಅಡಿ ತೊಳೆದು ಬಣ್ಣ ಬಳಿದು ನೀರಿಗಿಳಿಸಿದ ವಾರದಲ್ಲೇ ಒಂದು ಓಟದ ಪರೀಕ್ಷೆ ಮಾಡಿ ಬರೆದಿಟ್ಟುಕೊಂಡಿದ್ದರೆ ಮುಂದಿನ ಅರ್ಧ ಕೆಲಸ ಮುಗಿದಂತೆ. ಗಾಳಿ ಕಡಿಮೆ ಇರುವ ಬೆಳಗಿನ ಹೊತ್ತು, ಐಸು ಮತ್ತು ಡೀಸೆಲ್ ಎಷ್ಟಿದೆಯೆಂದು ಗುರುತು ಹಾಕಿಕೊಂಡು, ಎಂಜಿನನ್ನು ಒಂದೇ ಸುತ್ತಿನ ವೇಗದಲ್ಲಿ ನಿಲ್ಲಿಸಿ, ಜಿಪಿಎಸ್‌ನಲ್ಲಿ ಒಂದು ದಿಕ್ಕಿಗೆ ಹತ್ತು ನಿಮಿಷ, ತಿರುಗಿ ಅದೇ ದಾರಿಯಲ್ಲಿ ಹತ್ತು ನಿಮಿಷ ಓಡಿಸಿ ಎರಡರ ಸರಾಸರಿ ತೆಗೆಯಬೇಕು. ಒಂದೇ ದಿಕ್ಕಿನ ಓಟದಲ್ಲಿ ಭರತ ಇಳಿತದ ಸೆಳೆತ ಸೇರಿ ಲೆಕ್ಕ ಕೆಡುತ್ತದೆ.

ಈ ವೇಗವನ್ನು ಫ್ಯಾನಿನ ಪಿಚ್, ಅಂದರೆ ಜಾರದಿದ್ದರೆ ಅದು ಒಂದು ಸುತ್ತಿಗೆ ಮುಂದೆ ಸಾಗಬೇಕಾದ ದೂರ, ಇದರ ಜೊತೆ ಹೋಲಿಸಿದರೆ ಇನ್ನೂ ಸ್ಪಷ್ಟವಾಗುತ್ತದೆ. ಉದಾಹರಣೆಗೆ ಎಂಜಿನ್ 1800 ಸುತ್ತು, ಗೇರ್ 4:1 ಆದರೆ ಫ್ಯಾನ್ ನಿಮಿಷಕ್ಕೆ 450 ಸುತ್ತು ತಿರುಗುತ್ತದೆ. ಪಿಚ್ 30 ಇಂಚು, ಅಂದರೆ 0.762 ಮೀಟರ್ ಇದ್ದರೆ ಜಾರುವಿಕೆಯೇ ಇಲ್ಲದಿದ್ದಲ್ಲಿ ಬೋಟು ನಿಮಿಷಕ್ಕೆ ಸುಮಾರು 343 ಮೀಟರ್, ಗಂಟೆಗೆ ಸುಮಾರು 11.1 ನಾಟಿಕಲ್ ಮೈಲಿ (ಅಂದರೆ 11.1 ನಾಟ್) ಹೋಗಬೇಕಿತ್ತು. ಸ್ವಚ್ಛ ಅಡಿಯಲ್ಲಿ ಅಳೆದದ್ದು 8 ನಾಟ್ ಆಗಿದ್ದರೆ ಜಾರುವಿಕೆ ಶೇ 28. ಕೆಲವು ತಿಂಗಳ ಬಳಿಕ ಅದೇ ಸುತ್ತಿಗೆ, ಅದೇ ಭಾರಕ್ಕೆ 6.8 ನಾಟ್ ಬಂದರೆ ಜಾರುವಿಕೆ ಶೇ 39ಕ್ಕೆ ಏರಿದೆ ಎಂದರ್ಥ. ಎಂಜಿನ್ ಹೇಳಿದಷ್ಟು ಸುತ್ತು ತಿರುಗುತ್ತಿದ್ದೂ ವೇಗ ಇಳಿದಿದ್ದರೆ ದೋಷವನ್ನು ಎಂಜಿನ್ನಿನಲ್ಲಿ ಹುಡುಕುವ ಮೊದಲು ನೀರಿನೊಳಗೆ ನೋಡಬೇಕು.

ಅಡಿ ಒರಟಾಗುವುದರಿಂದ ಆಗುವ ನಷ್ಟ ಊಹೆಗಿಂತ ದೊಡ್ಡದು. ಅಮೆರಿಕದ ಮಧ್ಯಮ ಗಾತ್ರದ ಯುದ್ಧನೌಕೆಯೊಂದನ್ನು ಮಾದರಿಯಾಗಿಟ್ಟುಕೊಂಡು ಮೈಕೆಲ್ ಶುಲ್ಟ್ಸ್ ಅವರು 2007ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಸುಣ್ಣದ ಚಿಪ್ಪು ದಟ್ಟವಾಗಿ ಹಿಡಿದ ಅಡಿಯಿಂದ ಅದೇ ಸಾಗುವೇಗವನ್ನು ಉಳಿಸಿಕೊಳ್ಳಲು ಶೇ 86ರವರೆಗೂ ಹೆಚ್ಚುವರಿ ಶಕ್ತಿ ಬೇಕಾಗುತ್ತದೆ, ಬರೀ ದಪ್ಪ ಲೋಳೆಗೇ ಸುಮಾರು ಐದನೇ ಒಂದು ಪಾಲು ಹೆಚ್ಚು ಬೇಕಾಗುತ್ತದೆ. ನಮ್ಮ ಬೋಟಿನ ಆಕಾರ, ವೇಗಗಳು ಬೇರೆಯಾದ್ದರಿಂದ ಆ ಅಂಕಿಗಳನ್ನು ಹಾಗೆಯೇ ಎತ್ತಿಕೊಳ್ಳಬಾರದು. ಆದರೆ ‘ಲೋಳೆ ತಾನೇ, ಇರಲಿ’ ಎಂದು ಬಿಡುವ ಅಭ್ಯಾಸ ಡೀಸೆಲ್ ಲೆಕ್ಕದಲ್ಲಿ ದುಬಾರಿ ಎಂಬುದಕ್ಕೆ ಅಷ್ಟು ಸಾಕು.

ವೇಗ ಕುಗ್ಗಿದಾಗ ಕಾರಣಗಳನ್ನು ಬೇರ್ಪಡಿಸುವುದು

ಮೊದಲ ಪ್ರಶ್ನೆ: ಒಮ್ಮೆಲೇ ಆಯಿತೇ, ನಿಧಾನವಾಗಿ ಆಯಿತೇ? ಒಂದೇ ಟ್ರಿಪ್‌ನಲ್ಲಿ, ನಡುಕದ ಜೊತೆಗೆ ವೇಗ ಬಿದ್ದಿದ್ದರೆ ಫ್ಯಾನಿಗೆ ಬಲೆ ಅಥವಾ ಹಗ್ಗ ಸುತ್ತಿರಬಹುದು, ಎಲೆ ಬಾಗಿರಬಹುದು. ಚಿಪ್ಪು ಒಂದು ರಾತ್ರಿಯಲ್ಲಿ ಬೆಳೆಯುವುದಿಲ್ಲ. ವಾರಗಟ್ಟಲೆ ಸ್ವಲ್ಪಸ್ವಲ್ಪವಾಗಿ ಕುಗ್ಗಿದ್ದರೆ, ಅಥವಾ ಬೋಟು ಹೆಚ್ಚು ದಿನ ನಿಂತ ಮೇಲೆ ಕುಗ್ಗಿದ್ದು ಕಂಡಿದ್ದರೆ ಸಂದೇಹ ಜೀವಿಗಳ ಕಡೆಗೆ ತಿರುಗಬೇಕು.

ಎರಡನೆಯ ಪ್ರಶ್ನೆ ಹೊಗೆಯ ಬಣ್ಣದ್ದು. ಡೀಸೆಲ್ ಫಿಲ್ಟರ್ ಕಟ್ಟಿದ್ದರೆ ಎಂಜಿನ್ನಿಗೆ ಇಂಧನವೇ ಸಾಲದೆ ಸುತ್ತು ಇಳಿಯುತ್ತದೆ, ಕಪ್ಪು ಹೊಗೆ ಸಾಮಾನ್ಯವಾಗಿ ಬರುವುದಿಲ್ಲ. ಅಡಿಗೋ ಫ್ಯಾನಿಗೋ ಚಿಪ್ಪು ಹಿಡಿದಿದ್ದರೆ ಎಂಜಿನ್ ಮೇಲೆ ಹೊರೆ ಹೆಚ್ಚಿ, ಇಂಧನ ನಿಯಂತ್ರಿಸುವ ಗವರ್ನರ್ ಪೂರ್ತಿ ಡೀಸೆಲ್ ಕೊಟ್ಟರೂ ಗರಿಷ್ಠ ಸುತ್ತು ಮುಟ್ಟದೆ ಕಪ್ಪು ಹೊಗೆ ಬರುತ್ತದೆ, ಹೊಗೆಕೊಳವೆಯ ಬಿಸಿ ಏರುತ್ತದೆ. ಗಾಳಿಯ ಫಿಲ್ಟರ್ ಕಟ್ಟಿದ್ದರೂ, ಟರ್ಬೊ ಕೆಟ್ಟಿದ್ದರೂ ಕಪ್ಪು ಹೊಗೆ ಬರುವುದರಿಂದ ಅವೆರಡನ್ನೂ ನೋಡಿಕೊಳ್ಳಬೇಕು, ಅದು ಅರ್ಧ ಗಂಟೆಯ ಕೆಲಸ. ಇನ್ನೊಂದು ಸರಳ ಪರೀಕ್ಷೆಯಿದೆ: ಗೇರ್ ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ ಏರಿಸಿದಾಗ ಪೂರ್ತಿ ಸುತ್ತು ಹೊಗೆಯಿಲ್ಲದೆ ಬಂದು, ಗೇರ್ ಹಾಕಿದಾಗ ಮಾತ್ರ ಉಸಿರುಗಟ್ಟಿದರೆ ಹೊರಗಿನ ಹೊರೆಯ ಶಂಕೆ ಬಲವಾಗುತ್ತದೆ.

ಅಡಿಯೋ ಫ್ಯಾನೋ ಎಂಬುದನ್ನು ಮೇಲಿನಿಂದ ಖಚಿತವಾಗಿ ಹೇಳಲಾಗದು, ಕಣ್ಣಿಂದಲೇ ನೋಡಬೇಕು. ಮುಳುಗುವವರು ಸಿಗದಿದ್ದರೆ ನೀರು ತಿಳಿಯಾಗಿರುವ ದಿನ ಕೋಲಿನ ತುದಿಗೆ ಕಟ್ಟಿದ ಜಲನಿರೋಧಕ ಕ್ಯಾಮೆರಾ ಸಾಕಾಗುತ್ತದೆ. ಮೊದಲು ಫ್ಯಾನನ್ನೇ ನೋಡಬೇಕೆಂದು ನಾನು ಸಲಹೆ ಕೊಡುತ್ತೇನೆ. ಅದರ ಮೇಲ್ಮೈ ಅಡಿಯ ಸಣ್ಣದೊಂದು ಭಾಗವಷ್ಟೇ ಆದರೂ ಅಲ್ಲಿನ ಒರಟು ಎಂಜಿನ್ನಿಗೆ ನೇರವಾಗಿ ತಟ್ಟುತ್ತದೆ, ಬೋಟನ್ನು ಮೇಲೆಳೆಯದೆಯೇ ಅದನ್ನು ಸ್ವಚ್ಛ ಮಾಡಿಸಬಹುದು, ಖರ್ಚೂ ಕಡಿಮೆ. ಆಮೇಲೆ ಮತ್ತೆ ಓಟದ ಪರೀಕ್ಷೆ ಮಾಡಿ ಉಳಿದ ನಷ್ಟ ಎಷ್ಟೆಂದು ನೋಡಿದರೆ ಅಡಿಯ ಪಾಲು ತಾನಾಗಿ ತಿಳಿಯುತ್ತದೆ.

ಎಂಜಿನ್ ಬಿಸಿಯಾದಾಗ

ಇಲ್ಲಿ ಬಕೆಟ್ ಒಂದು ಒಳ್ಳೆಯ ಉಪಕರಣ. ಎಂಜಿನ್ ನಿರ್ದಿಷ್ಟ ಸುತ್ತಿನಲ್ಲಿರುವಾಗ ಸಮುದ್ರದ ನೀರು ಹೊರಬೀಳುವ ಬಾಯಿಗೆ 20 ಲೀಟರ್ ಬಕೆಟ್ ಹಿಡಿದು ತುಂಬಲು ಎಷ್ಟು ಸೆಕೆಂಡು ಬೇಕೆಂದು ಎಣಿಸಿ. ಸ್ವಚ್ಛವಿದ್ದಾಗಿನ ಎಣಿಕೆ ಬರೆದಿಟ್ಟಿದ್ದರೆ ಹೋಲಿಕೆ ಸುಲಭ. ನೀರು ಕಡಿಮೆ ಬರುತ್ತಿದ್ದರೆ ತಡೆ ಕೊಳವೆಯ ಬಾಯಿ, ಕಸ ಸೋಸುವ ಸ್ಟ್ರೈನರ್, ಪಂಪಿನ ರಬ್ಬರ್ ಇಂಪೆಲ್ಲರ್ ಅಥವಾ ಕೂಲರ್ ಇವುಗಳಲ್ಲಿ ಎಲ್ಲೋ ಇದೆ. ನೀರು ಮೊದಲಿನಷ್ಟೇ ಬರುತ್ತಿದ್ದು, ಅದು ಒಳಬಂದಾಗಿನ ಮತ್ತು ಹೊರಬೀಳುವಾಗಿನ ಬಿಸಿಯ ಅಂತರವೂ ಬದಲಾಗದೆ, ಎಂಜಿನ್ನಿನೊಳಗಿನ ಕೂಲಂಟ್ ಮಾತ್ರ ಹೆಚ್ಚು ಕಾಯುತ್ತಿದ್ದರೆ ಕೂಲರ್ ನಳಿಗೆಗಳ ಒಳಮೈಗೆ ಲೋಳೆ ಅಥವಾ ಸುಣ್ಣ ಕಟ್ಟಿ ಬಿಸಿ ದಾಟುತ್ತಿಲ್ಲ ಎಂದು ಅನುಮಾನಿಸಬಹುದು. ಥರ್ಮೋಸ್ಟಾಟ್ ಕೆಟ್ಟಿಲ್ಲವೆಂದು ಮೊದಲೇ ಖಚಿತ ಮಾಡಿಕೊಂಡಿರಬೇಕು. ಕೊಳವೆಗೆ ತೋರಿಸಿ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಈ ಕೆಲಸಕ್ಕೆ ಸಾಕು.

ನೀರು ಕಡಿಮೆ ಇದ್ದಾಗ ಸ್ಟ್ರೈನರ್ ಮುಚ್ಚಳ ತೆರೆದು ನೋಡುವುದು ಎಲ್ಲರಿಗೂ ಗೊತ್ತು. ಅಲ್ಲಿ ಜೆಲ್ಲಿ ಮೀನಿನ ಲೋಳೆಯೋ ಪ್ಲಾಸ್ಟಿಕ್ ಹಾಳೆಯೋ ಸಿಕ್ಕರೆ ವಿಷಯ ಮುಗಿಯಿತು. ಸ್ಟ್ರೈನರ್ ಸ್ವಚ್ಛವಿದ್ದರೆ ಎಂಜಿನ್ ನಿಲ್ಲಿಸಿ, ಅಡಿಯ ವಾಲ್ವ್ ಮುಚ್ಚಿ, ಸ್ಟ್ರೈನರಿಗೆ ಬರುವ ಹೋಸನ್ನು ಬಿಚ್ಚಿ, ಬಾಯಿಯನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಹಿಡಿದು ವಾಲ್ವನ್ನು ಒಂದು ಕ್ಷಣ ತೆರೆಯಬೇಕು. ನೀರು ರಭಸದಿಂದ ಚಿಮ್ಮಿದರೆ ಹೊರಬಾಯಿ ಸರಿಯಿದೆ. ಸೊರಸೊರ ಎಂದು ಬಂದರೆ ಜಾಲರಿಯಲ್ಲಿಯೋ ಕೊಳವೆಯ ಒಳಮೈಯಲ್ಲಿಯೋ ಪಚ್ಚಿಲೆ ತುಂಬಿದೆ. ವಾಲ್ವ್ ಪೂರ್ತಿ ಮುಚ್ಚುತ್ತದೆಯೇ ಎಂದು ಮೊದಲೇ ಪರೀಕ್ಷಿಸದೆ ಈ ಕೆಲಸಕ್ಕೆ ಕೈಹಾಕಬಾರದು. ಮುಚ್ಚದ ವಾಲ್ವ್ ಬೋಟನ್ನೇ ಮುಳುಗಿಸಬಲ್ಲದು.

ಹಲವು ದಿನ ನಿಂತ ಬೋಟಿನ ಸ್ಟ್ರೈನರ್ ತೆರೆದಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ ಕೊಳವೆಯೊಳಗಿನ ಜೀವಿಗಳು ಗಾಳಿಯಿಲ್ಲದೆ ಸತ್ತು ಕೊಳೆಯುತ್ತಿವೆ. ಮುಂದಿನ ತೊಂದರೆ ಇಲ್ಲಿಂದಲೇ ಶುರುವಾಗುತ್ತದೆ. ಸತ್ತ ಪಚ್ಚಿಲೆ ಕೂಡಲೇ ಬೀಳುವುದಿಲ್ಲ, ಅದರ ನೂಲಿನ ಎಳೆಗಳು ಇನ್ನೂ ಕೆಲವು ದಿನ ಹಿಡಿದಿರುತ್ತವೆ. ಬೋಟು ಆಳಸಮುದ್ರದಲ್ಲಿ ಓಡುತ್ತಿರುವಾಗ ಎಳೆ ಸಡಿಲಿ ಚಿಪ್ಪುಗಳು ಒಂದೊಂದಾಗಿ ಬಂದು ಜಾಲರಿ ದಾಟುವಷ್ಟು ಸಣ್ಣವು ಕೂಲರ್ ನಳಿಗೆಯ ಬಾಯಿಗೆ ಸಿಕ್ಕಿಕೊಳ್ಳುತ್ತವೆ. ‘ತೊಳೆದ ಮೇಲೆಯೇ ಹೆಚ್ಚು ಬಿಸಿಯಾಗುತ್ತಿದೆ’ ಎಂದು ಯಾರಾದರೂ ಹೇಳಿದರೆ ನಾನು ಕೂಲರಿನ ಕಡೆಯ ಮುಚ್ಚಳವನ್ನೇ ಮೊದಲು ತೆಗೆಸುತ್ತೇನೆ. ಔಷಧಿ ಹಾಕಿ ಕೊಂದ ಮೇಲೆ ಕೈಯಿಂದ ಕೆರೆದು ತೆಗೆಯುವ ಕೆಲಸ ಬಾಕಿಯೇ ಇರುತ್ತದೆ.

ಬ್ಲೀಚಿಂಗ್ ಪುಡಿಯ ನೀರನ್ನೋ ಸಿಹಿನೀರನ್ನೋ ಒಂದು ಗಂಟೆ ಹಾಯಿಸಿ ಬಿಡುವುದರಿಂದ ಪಚ್ಚಿಲೆ ಸಾಯುವುದಿಲ್ಲ. ಕೆಟ್ಟ ನೀರು ತಾಗಿದ ಕೂಡಲೇ ಅದು ಚಿಪ್ಪು ಮುಚ್ಚಿಕೊಂಡು ದಿನಗಟ್ಟಲೆ ತಾಳಿಕೊಳ್ಳಬಲ್ಲದು. ತಮಿಳುನಾಡಿನ ಕಲ್ಪಾಕ್ಕಂನ ಅಣು ವಿದ್ಯುತ್ ಕೇಂದ್ರಕ್ಕೆ ಸಮುದ್ರದಡಿಯ ಸುಮಾರು ಅರ್ಧ ಕಿಲೋಮೀಟರ್ ಉದ್ದದ ಸುರಂಗದಿಂದ ತಂಪುನೀರು ಬರುತ್ತದೆ. ಅಲ್ಲಿ ದಶಕಗಳಿಂದ ಕಾಡುತ್ತಿರುವುದೂ ಇದೇ ಹಸಿರು ಪಚ್ಚಿಲೆ, ಅಲ್ಲಿಯೂ ಕ್ಲೋರಿನ್ ಪ್ರಮಾಣಕ್ಕಿಂತ ಅದನ್ನು ಎಷ್ಟು ಹೊತ್ತು ಬಿಡದೆ ಕೊಡಬೇಕು ಎಂಬುದೇ ಮುಖ್ಯ ಪ್ರಶ್ನೆಯಾಗಿದೆ. ಬೋಟಿನಲ್ಲಿ ಬ್ಲೀಚಿಂಗ್ ಬಳಸಿದ ಕೊಳವೆಗೆ ಆಸಿಡ್ ಹಾಕಬಾರದು, ಎರಡೂ ಸೇರಿದರೆ ವಿಷಾನಿಲ ಬರುತ್ತದೆ, ಎಂಜಿನ್ ಕೋಣೆ ಅದಕ್ಕೆ ತೀರ ಇಕ್ಕಟ್ಟಾದ ಜಾಗ.

ಬೋಟು ಮೇಲೆ ಬಂದಾಗ ಅಡಿಯನ್ನು ಓದುವುದು

ಸ್ಲಿಪ್‌ವೇ ಮೇಲೆ ಬೋಟು ಬಂದ ತಕ್ಷಣ ನೀರಿನ ಜೆಟ್ ಹಿಡಿಯುವುದು ರೂಢಿ. ದಯವಿಟ್ಟು ಅರ್ಧ ಗಂಟೆ ತಡೆಯಿರಿ. ಎರಡೂ ಬದಿ, ಏರಾ (ಅಡಿಯ ನಡುವಿನ ಉದ್ದ ದಿಂಡು), ಚುಕ್ಕಾಣಿ, ಫ್ಯಾನ್ ಎಲ್ಲದರ ಚಿತ್ರ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಎಲ್ಲಿ ಹಿಡಿದಿದೆ, ಎಲ್ಲಿ ಹಿಡಿದಿಲ್ಲ ಎಂಬ ನಕ್ಷೆಯೇ ಕಳೆದ ಸಲ ಏನು ತಪ್ಪಾಯಿತೆಂದು ಹೇಳುತ್ತದೆ. ಒಮ್ಮೆ ತೊಳೆದರೆ ಆ ಸಾಕ್ಷ್ಯ ಮತ್ತೆ ಸಿಗುವುದಿಲ್ಲ.

ಅಡಿಯುದ್ದಕ್ಕೂ ತೆಳು ಲೋಳೆಯಷ್ಟೇ ಇದ್ದು ಚಿಪ್ಪು ಇಲ್ಲದಿದ್ದರೆ ಜೀವಿಗಳು ಅಂಟದಂತೆ ಬಳಿಯುವ ಆಂಟಿಫೌಲಿಂಗ್ ಬಣ್ಣ ತನ್ನ ಕೆಲಸ ಮಾಡುತ್ತಿದೆ. ಆ ಲೋಳೆಯನ್ನು ಮೆತ್ತನೆಯ ಸ್ಪಂಜಿನಿಂದ ಒರೆಸಬೇಕು. ಗಟ್ಟಿ ಬ್ರಷ್ ಹಾಕಿದರೆ ಉಳಿದ ಬಣ್ಣವೂ ಹೋಗುತ್ತದೆ. ನೀರಿನ ಮಟ್ಟದ ಗೆರೆಯಲ್ಲಿ ಹಸಿರು ಪಾಚಿಯ ಪಟ್ಟಿ ಇದ್ದರೆ ಗಾಬರಿ ಬೇಡ. ಬಿಸಿಲು ಬೀಳುವ ಜಾಗವಾದ್ದರಿಂದ ಅಲ್ಲಿ ಪಾಚಿ ಸಹಜ, ಮುಂದಿನ ಸಲ ಅಲ್ಲಿಗೆ ಇನ್ನೊಂದು ಕೈ ಬಣ್ಣ ಸೇರಿಸಬೇಕು.

ಚೌಕಚೌಕವಾದ ಜಾಗಗಳಲ್ಲಿ ಮಾತ್ರ ಚಿಪ್ಪು ದಟ್ಟವಾಗಿ, ಸುತ್ತಲೂ ಸ್ವಚ್ಛವಾಗಿ ಕಂಡರೆ ಅವು ಹಿಂದಿನ ಸಲ ಬೋಟಿಗೆ ಆಧಾರ ಕೊಟ್ಟ ಮರದ ದಿಮ್ಮಿಗಳು ಇದ್ದ ಜಾಗಗಳು. ದಿಮ್ಮಿ ಸರಿಸಿ ಅಲ್ಲಿಗೆ ಬಣ್ಣ ಹಚ್ಚಲು ಯಾರೂ ನೆನಪಿಟ್ಟುಕೊಂಡಿರಲಿಲ್ಲ. ಬಣ್ಣದ ಕಂಪೆನಿಯನ್ನು ಬಯ್ಯುವ ಮೊದಲು ಈ ಚೌಕಗಳನ್ನು ಎಣಿಸಬೇಕು.

ಇಡೀ ಅಡಿಗೆ ಒಂದೇ ಸಮನೆ ಬಾರ್ನಕಲ್ ಹಿಡಿದಿದ್ದರೆ ಕಾರಣಗಳು ಹಲವು: ಬಣ್ಣ ತೆಳುವಾಗಿ ಬಳಿದಿರಬಹುದು, ಹಸಿ ಮೈಮೇಲೆ ಬಳಿದಿರಬಹುದು, ಬಳಿದು ಹೇಳಿದ ಅವಧಿಗಿಂತ ಹೆಚ್ಚು ದಿನ ಬಿಸಿಲಿಗೆ ಬಿಟ್ಟಿರಬಹುದು. ನಾನು ಹೆಚ್ಚು ಸಲ ಕಂಡದ್ದು ಡಬ್ಬಿಯನ್ನು ಸರಿಯಾಗಿ ಕಲಸದಿರುವುದು. ಈ ಬಣ್ಣಗಳಲ್ಲಿನ ತಾಮ್ರದ ಆಕ್ಸೈಡ್ ಭಾರವಾದ ಪುಡಿ, ಅದು ಡಬ್ಬಿಯ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ಮೇಲಿನ ತೆಳುದ್ರವವನ್ನು ಬಳಿದು ಮುಗಿಸಿ, ತಳದ ಕೆಂಪು ಮುದ್ದೆಯನ್ನು ಡಬ್ಬಿಯ ಜೊತೆ ಎಸೆದರೆ ಜೀವಿಗಳನ್ನು ತಡೆಯುವ ಪದಾರ್ಥವನ್ನೇ ಎಸೆದಂತೆ. ಕೋಲು ತಳಕ್ಕೆ ತಾಗಿದಾಗ ಮುದ್ದೆ ಸಿಗದಂತಾಗುವವರೆಗೆ ಕಲಸಬೇಕು, ಬಳಿಯುವಾಗಲೂ ಆಗಾಗ ತಿರುವುತ್ತಿರಬೇಕು.

ಚಿಪ್ಪಿನ ಗಾತ್ರವನ್ನೂ ನೋಡಿ. ಎಲ್ಲವೂ ಒಂದೇ ಗಾತ್ರದವಾದರೆ ಒಂದೇ ಅವಧಿಯಲ್ಲಿ ಕೂತವು, ಬಹುಶಃ ಬೋಟು ನಿಂತಿದ್ದ ದಿನಗಳಲ್ಲಿ. ಸಾಸಿವೆಯಿಂದ ಕಡಲೆಕಾಳಿನವರೆಗೆ ಎಲ್ಲ ಗಾತ್ರದವೂ ಬೆರೆತಿದ್ದರೆ ಬಣ್ಣದ ಶಕ್ತಿ ಬಹಳ ಹಿಂದೆಯೇ ಮುಗಿದು ಹೊಸವು ನಿರಂತರವಾಗಿ ಕೂರುತ್ತಿವೆ. ಮೊದಲನೆಯದಕ್ಕೆ ಬೋಟು ನಿಲ್ಲಿಸುವ ರೀತಿಯನ್ನು ಬದಲಿಸಬೇಕು, ಎರಡನೆಯದಕ್ಕೆ ಬಣ್ಣವನ್ನು ಬದಲಿಸಬೇಕು.

ಈಗ ಒಂದು ಚಿಪ್ಪನ್ನು ಕೆರೆಯುವ ಪಟ್ಟಿಯಿಂದ ಕಿತ್ತು, ಕಿತ್ತ ಜಾಗವನ್ನು ಹತ್ತಿರದಿಂದ ನೋಡಿ. ಬಿಳಿ ಬಳೆಯಂಥ ಗುರುತು ಉಳಿದರೆ ಅದು ಚಿಪ್ಪಿನ ತಳದ ತಟ್ಟೆ. ಅದನ್ನೂ ಕೆರೆದು ತೆಗೆಯದೆ ಬಣ್ಣ ಬಳಿದರೆ ಒರಟು ಹಾಗೆಯೇ ಉಳಿಯುತ್ತದೆ, ಉಕ್ಕಿನ ಅಡಿಯಾದರೆ ಅದರ ಕೆಳಗೆ ತುಕ್ಕು ಶುರುವಾಗುತ್ತದೆ. ಚಿಪ್ಪಿನ ಜೊತೆ ಬಣ್ಣದ ಹಕ್ಕಳೆಯೂ ಎದ್ದು ಪ್ರೈಮರೋ ಮರವೋ ಕಂಡರೆ ದೋಷ ಜೀವಿಗಳದ್ದಲ್ಲ, ಹಳೆಯ ಪದರಕ್ಕೆ ಹೊಸದು ಅಂಟಿಲ್ಲ. ಅಂಥ ಅಡಿಗೆ ಮೇಲಿಂದ ಮೇಲೆ ಬಳಿಯುವುದು ಹಣ ಸುರಿದಂತೆ, ಪೂರ್ತಿ ಕೆರೆದು ಹೊಸದಾಗಿ ಶುರು ಮಾಡಬೇಕು. ಮರದ ಬೋಟಾದರೆ ಹಲಗೆಗಳನ್ನು ಸುತ್ತಿಗೆಯಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಡೆ ಮರಕೊರೆಯುವ ಹುಳ ಒಳಗೆ ಸುರಂಗ ತೋಡಿರುತ್ತದೆ, ಹೊರಗೆ ಸೂಜಿಮೊನೆಯಷ್ಟು ತೂತು ಮಾತ್ರ ಕಾಣುತ್ತದೆ. ಹಿಂದಿನವರು ಮರಕ್ಕೆ ಗೇರುಬೀಜದ ಸಿಪ್ಪೆಯೆಣ್ಣೆ, ಮೀನೆಣ್ಣೆ ಕುಡಿಸುತ್ತಿದ್ದುದು ಈ ಹುಳಕ್ಕೆ ಹೆದರಿಯೇ.

ಸತುವಿನ ತುಂಡುಗಳನ್ನು ಬೇರೆಯಾಗಿ ನೋಡಬೇಕು. ಉಪ್ಪುನೀರು ಬೋಟಿನ ಲೋಹವನ್ನು ತಿನ್ನದಂತೆ ಕಟ್ಟುವ ಈ ತುಂಡು ತಾನು ಸವೆಯಬೇಕು. ಅದು ಹೊಸದರಂತೆಯೇ ಇದ್ದು ಮೈಮೇಲೆ ಬಾರ್ನಕಲ್ ಬೆಳೆದಿದ್ದರೆ ಅದರ ಸಂಪರ್ಕ ಕಡಿದಿದೆ, ಇಲ್ಲವೇ ಯಾರೋ ಅದರ ಮೇಲೂ ಬಣ್ಣ ಬಳಿದಿದ್ದಾರೆ. ಇದಕ್ಕೆ ಇನ್ನೊಂದು ಮುಖವೂ ಇದೆ. ಬ್ರಿಟಿಷ್ ನೌಕಾಪಡೆಯ ಹಡಗುಗಳ ತಾಮ್ರದ ಹೊದಿಕೆ ಸವೆಯುತ್ತಿದೆಯೆಂದು 1824ರಲ್ಲಿ ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಅದಕ್ಕೆ ಕಬ್ಬಿಣ, ಸತುವಿನ ತುಂಡು ಜೋಡಿಸಿದರು. ಸವೆತ ನಿಂತಿತು, ಆದರೆ ತಾಮ್ರ ಕರಗುವುದು ನಿಂತದ್ದರಿಂದ ಚಿಪ್ಪು ಹಿಡಿಯತೊಡಗಿತು. ಕಂಚಿನ ಫ್ಯಾನಿಗೂ ಇದೇ ನ್ಯಾಯ. ಅದು ಸತುವಿನ ಜೊತೆ ಚೆನ್ನಾಗಿ ಜೋಡಣೆಯಾಗಿದ್ದಷ್ಟೂ ಕೊರೆತ ಕಡಿಮೆ, ಚಿಪ್ಪು ಹೆಚ್ಚು. ಹಾಗೆಂದು ಸತುವನ್ನು ಬಿಚ್ಚಬಾರದು, ಫ್ಯಾನನ್ನು ಆಗಾಗ ಕೆರೆದು ನುಣುಪು ಮಾಡುವುದೇ ದಾರಿ.

ಕೆರೆಯುವಾಗ

ನೀರಿಗಿಳಿಯುವ ಮೊದಲು ಎಂಜಿನ್ನಿನ ಕೀಲಿ ಇಳಿಯುವವರ ಕೈಯಲ್ಲೇ ಇರಬೇಕು, ಬ್ಯಾಟರಿಯ ಸಂಪರ್ಕ ತೆಗೆದಿರಬೇಕು, ಮೇಲೆ ಒಬ್ಬರು ಕಾವಲಿರಬೇಕು. ಕೈಗವಸು ಇಲ್ಲದೆ ಬಾರ್ನಕಲ್ ಮುಟ್ಟಬೇಡಿ. ಬೆಚ್ಚನೆಯ ಉಪ್ಪುನೀರಿನ ಬ್ಯಾಕ್ಟೀರಿಯಾ ಸಣ್ಣ ಗಾಯದಿಂದಲೂ ತೀವ್ರ ಸೋಂಕು ತರಬಲ್ಲವು. ಕೊಯ್ದ ಜಾಗ ಕೆಂಪಾಗಿ ಊದಿಕೊಂಡರೆ ಅದೇ ದಿನ ವೈದ್ಯರ ಬಳಿ ಹೋಗಬೇಕು. ತಾಮ್ರದ ಬಣ್ಣವನ್ನು ಒಣಗಿದ ಮೈಯಲ್ಲಿ ಉಜ್ಜಿದರೆ ಪುಡಿ ಉಸಿರಿಗೆ ಹೋಗುತ್ತದೆ, ನೀರು ಹಾಕಿ ಒದ್ದೆ ಮಾಡಿ, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಉಜ್ಜಬೇಕು. ಕೆರೆದ ಚಿಪ್ಪು, ಬಣ್ಣದ ಪುಡಿಗಳನ್ನು ಟಾರ್ಪಾಲಿನ ಮೇಲೆ ಹಿಡಿದು ಚೀಲಕ್ಕೆ ತುಂಬಬೇಕೇ ಹೊರತು ಹೊಳೆಗೆ ತಳ್ಳಬಾರದು. ಅದೇ ಅಳಿವೆಯಲ್ಲಿ ಹೆಂಗಸರು ಮಕ್ಕಳು ಬೆತ್ತದ ಬುಟ್ಟಿ ಹಿಡಿದು ಮರುವಾಯಿ, ಪಚ್ಚಿಲೆ ಆರಿಸುತ್ತಾರೆ. ಬಣ್ಣ ಬಳಿದ ಅಡಿಯಿಂದ ಕಿತ್ತ ಪಚ್ಚಿಲೆಯನ್ನು ಅಡುಗೆಗೂ ಒಯ್ಯಬಾರದು.

ಹಳೆಯ ದಾಸ್ತಾನಿನ ತವರ ಬೆರೆತ ಬಣ್ಣ ‘ಬಹಳ ವರ್ಷ ಬಾಳಿಕೆ ಬರುತ್ತದೆ’ ಎಂದು ಯಾರಾದರೂ ಕೊಡಲು ಬಂದರೆ ತೆಗೆದುಕೊಳ್ಳಬೇಡಿ. ಟ್ರೈಬ್ಯುಟೈಲ್ ಟಿನ್ ಎಂಬ ಆ ಪದಾರ್ಥ ಫ್ರಾನ್ಸಿನ ಆರ್ಕಷಾನ್ ಕೊಲ್ಲಿಯ ಸಿಂಪಿ ಕೃಷಿಯನ್ನೇ ಹಾಳುಮಾಡಿತ್ತು. ಅದನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದ 2001ರಲ್ಲಿ ಆಗಿ, 2008ರ ಸೆಪ್ಟೆಂಬರ್ 17ರಿಂದ ಜಾರಿಯಲ್ಲಿದೆ.

ಬಣ್ಣ ಒಣಗಿ ಬೋಟು ನೀರಿಗಿಳಿದ ವಾರದಲ್ಲೇ ಅದೇ ಸುತ್ತಿಗೆ, ಎರಡೂ ದಿಕ್ಕಿನ ಓಟ, ಬಕೆಟ್ ತುಂಬುವ ಸೆಕೆಂಡು, ಕೂಲಂಟಿನ ಬಿಸಿ ಮತ್ತು ಆ ದಿನದ ಐಸು, ಡೀಸೆಲ್ ಲೆಕ್ಕವನ್ನು ಬರೆದು, ಪುಸ್ತಕವನ್ನು ಚುಕ್ಕಾಣಿ ಕೋಣೆಯಲ್ಲೇ ಇಡಿ. ತಿಂಗಳಿಗೊಮ್ಮೆ ಅದೇ ಪರೀಕ್ಷೆ ಮಾಡಿ ಅದೇ ಪುಟದಲ್ಲಿ ಕೆಳಗೆ ಬರೆಯಿರಿ. ವೇಗ ಅರ್ಧ ನಾಟ್ ಇಳಿದದ್ದು ಕಂಡ ದಿನವೇ ಫ್ಯಾನಿಗೆ ಮುಳುಗುವವರನ್ನು ಕರೆಯಿರಿ.